ಬೆಸುಗೆ ಕೂತಿತು, ಅಲಗು ಸೀಳಿತು

ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಚಾಕು ಬಡಿಯಲು ಹೊರಟಿದ್ದೀರಾ? ಹಾಗಾದರೆ ಹೆಸರು ಗೊತ್ತಿಲ್ಲದ ಉಕ್ಕಿನ ಪಟ್ಟಿಯನ್ನು ಕುಲುಮೆಯ ಹತ್ತಿರವೂ ತರಬೇಡಿ. ನಾನು ತಂದೆ, ಅನುಭವಿಸಿದೆ.

ನನ್ನ ಹತ್ತಿರ 1084 ಅನ್ನುವ ಕಾರ್ಬನ್ ಉಕ್ಕು ಇತ್ತು. ಜೊತೆಗೆ ಹಾಕುವ 15ಎನ್20 ಅನ್ನುವ ನಿಕಲ್ ಬೆರೆತ ಉಕ್ಕು ಮುಗಿದಿತ್ತು. ಪರಿಚಯದವರೊಬ್ಬರು ಹಳೇ ಸಾಮಾನಿನ ರಾಶಿಯಿಂದ ಒಂದು ಪಟ್ಟಿ ಎಳೆದುಕೊಟ್ಟು, "ಟೂಲ್ ಸ್ಟೀಲ್, ಒಳ್ಳೇ ಮಾಲು" ಅಂದರು. ಯಾವ ಟೂಲ್ ಸ್ಟೀಲ್ ಅಂತ ನಾನು ಕೇಳಲಿಲ್ಲ. ಕೇಳಿದ್ದರೂ ಅವರಿಗೆ ಗೊತ್ತಿರಲಿಲ್ಲ ಬಿಡಿ.

11 ಪದರ ಜೋಡಿಸಿ, ಕಾಸಿದಾಗ ಕಟ್ಟುವ ಪೊರೆ ಕರಗಲಿ ಅಂತ ಬಿಳಿಗಾರ (ಬೋರಾಕ್ಸ್) ಉದುರಿಸಿ, ಕಾಸಿ ಬಡಿದೆ. ಬೆಸುಗೆ ಚೆನ್ನಾಗಿಯೇ ಕೂತಂತೆ ಕಂಡಿತು. ಅಲಗಿನ ಆಕಾರಕ್ಕೆ ತಂದು, ಮೆದುವಾಗಲಿ ಅಂತ ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟೆ. ಬೆಳಿಗ್ಗೆ ಹಿಡಿಯ ಕಡೆ ತೂತು ಕೊರೆಯಲು ಹೋದರೆ ಡ್ರಿಲ್ ಬಿಟ್ ಜಾರುತ್ತಿದೆ! ಬಿಟ್ ಮೊಂಡಾಗಿರಬೇಕು ಅಂತ ಹೊಸದು ಹಾಕಿದೆ. ಅದೂ ಕಿರ್ರೆಂದು ಕಿರುಚಿ ನೀಲಿಗಟ್ಟಿತು. ಅಲ್ಲಿಗೇ ಕೈಬಿಡಬೇಕಿತ್ತು. ನಾನೋ, ಕಾರ್ಬೈಡ್ ಬಿಟ್ ಹುಡುಕಿ ತಂದೆ.

ಕೊನೆಗೆ ಅಲಗು ಗಟ್ಟಿಯಾಗಲಿ ಅಂತ ಕೆಂಪಗೆ ಕಾಸಿ ಎಣ್ಣೆಗೆ ಅದ್ದಿದೆ. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ 'ಟಿಕ್'. ಸಣ್ಣ ಸದ್ದು, ಆದರೆ ಹೊಟ್ಟೆಯೊಳಗೆ ಏನೋ ಮುರಿದ ಹಾಗಾಯಿತು. ಉಜ್ಜಿ ನೋಡಿದರೆ ಪದರದ ಗೆರೆಯುದ್ದಕ್ಕೂ ಕೂದಲೆಳೆಯಷ್ಟು ಸೀಳು. ವೈಸ್‌ಗೆ ಹಾಕಿ ಬಗ್ಗಿಸಿದಾಗ ಪದರಗಳು ಹಾಳೆ ಹಾಳೆಯಾಗಿ ಬಿಟ್ಟುಕೊಂಡವು.

ಪಟ್ಟಿಯ ಉಳಿದ ತುದಿಯನ್ನು ಕಾಸಿ ಸುಮ್ನೆ ಗಾಳಿಗಿಟ್ಟೆ. ಆರಿದ ಮೇಲೆ ಅರ ಹಾಕಿದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಗಾಳಿಯಲ್ಲೇ ಗಟ್ಟಿಯಾಗುವ ಜಾತಿ! ಇಂಥವುಗಳಲ್ಲಿ ಕ್ರೋಮಿಯಂ ಜಾಸ್ತಿ ಇರುವುದುಂಟು. ಡಿ2 ಅನ್ನುವ ಟೂಲ್ ಸ್ಟೀಲ್‌ನಲ್ಲಂತೂ ಸುಮಾರು 12%. ಕ್ರೋಮಿಯಂ ಕಟ್ಟುವ ಪೊರೆಯನ್ನು ಬಿಳಿಗಾರ ಸುಲಭವಾಗಿ ಕರಗಿಸದು, ಹಾಗಾಗಿ ಬೆಸುಗೆಯೇ ಅರೆಬರೆ. ಮೇಲಾಗಿ ಉಕ್ಕು ಗಟ್ಟಿಯಾಗುವಾಗ ತುಸು ಹಿಗ್ಗುತ್ತದೆ. 1084 ಒಂದು ಹೊತ್ತಿಗೆ, ಪಕ್ಕದ ಪದರ ಇನ್ನೊಂದು ಹೊತ್ತಿಗೆ ಹಿಗ್ಗಿದರೆ ಎಳೆದಾಟವೆಲ್ಲ ಬೀಳುವುದು ಬೆಸುಗೆಯ ಮೇಲೆ.

1084 ಮತ್ತು 15ಎನ್20 ಜೋಡಿ ಇಷ್ಟು ಜನಪ್ರಿಯ ಆಗಿರುವುದು ಇದಕ್ಕೇ. ಗಟ್ಟಿ ಮಾಡಲು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಕಾವು, ಸುಮಾರು 815 ಡಿಗ್ರಿ ಸೆಲ್ಸಿಯಸ್. ಎರಡಕ್ಕೂ ಎಣ್ಣೆ ಸಾಕು. 15ಎನ್20ರಲ್ಲಿ ಸುಮಾರು 2% ನಿಕಲ್ ಇರುವುದರಿಂದ ಪದರದ ಗೆರೆ ಎದ್ದು ಕಾಣಲಿ ಅಂತ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದಾಗ ಅದು ಬೆಳ್ಳಗೆ ಉಳಿಯುತ್ತದೆ, 1084 ಕಪ್ಪಾಗುತ್ತದೆ.

ಮೆದು ಕಬ್ಬಿಣ ಸೇರಿಸಿ ನೋಡೋಣ ಅಂತ ಹೊರಡುವವರಿಗೂ ಒಂದು ಮಾತು. ಪದರ ತೆಳುವಾಗಿದ್ದರೆ ಬೆಸುಗೆಯ ಕಾವಿನಲ್ಲಿ ಕಾರ್ಬನ್ ಪದರದಿಂದ ಪದರಕ್ಕೆ ಹರಿದು ಬೇಗ ಸಮವಾಗುತ್ತದೆ. ಒಂದು ಮೆದು, ಒಂದು ಗಟ್ಟಿ ಅನ್ನುವ ಲೆಕ್ಕ ನಿಲ್ಲುವುದಿಲ್ಲ. ಇಡೀ ಅಲಗು ಅಷ್ಟಷ್ಟು ಮೆತ್ತಗಾಗುತ್ತದೆ, ಅಷ್ಟೇ.

ಆ ಪಟ್ಟಿಯ ತುಂಡು ಇನ್ನೂ ನನ್ನಲ್ಲಿದೆ. ಕೆಂಪು ಬಣ್ಣ ಬಳಿದು ಬೇರೆ ಇಟ್ಟಿದ್ದೇನೆ. ಗುಜರಿಗೂ ಹಾಕಿಲ್ಲ. ಹಾಕಿದರೆ ಇನ್ಯಾರಿಗೋ "ಒಳ್ಳೇ ಮಾಲು" ಆಗಿ ಸಿಗುತ್ತೆ, ಅಲ್ವಾ?