ಕಣ್ಣಿಗೆ ಬೂಷ್ಟು ಹಿಡಿದಾಗ ಹೋದ ಕ್ಲಿನಿಕ್ಕು: ಐದಕ್ಕೆ ನಾಲ್ಕು ಸ್ಟಾರ್

"ಕಣ್ಣಿಗೆ ಏನು ಬಿತ್ತು?" ಈ ಪ್ರಶ್ನೆಯನ್ನು ಒಂಬತ್ತು ದಿನದಲ್ಲಿ ನನಗೆ ಯಾರೂ ಕೇಳಿರಲಿಲ್ಲ. ಶಿವಮೊಗ್ಗದ ಈ ಕಣ್ಣಿನ ಕ್ಲಿನಿಕ್ಕಿನ ಡಾಕ್ಟರಮ್ಮ ನಾನು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೇಳಿದರು. ಅದಕ್ಕೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ದೀಪಾವಳಿ ಕಳೆದು ಕೊಯ್ಲು ಶುರುವಾಗಿತ್ತು. ಮರ ಹತ್ತುವ ಕೊನೆಗಾರ ಮೇಲೆ ಅಡಿಕೆ ಗೊನೆ ಕೊಯ್ಯುತ್ತಿದ್ದಾಗ ಕೆಳಗೆ ನಿಂತು ಕತ್ತೆತ್ತಿದೆ, ಒಣ ಸೋಗೆಯ ಚೂರೊಂದು ಬಲಗಣ್ಣಿಗೆ ಬಡಿಯಿತು. ಉಜ್ಜಿಕೊಂಡೆ, ನೀರು ಹಾಕಿಕೊಂಡೆ, ಕೆಲಸ ಮುಂದುವರಿಸಿದೆ. ರಾತ್ರಿ ಕಣ್ಣು ಕೆಂಪಗೆ ಊದಿತು. ಅಮ್ಮ ನಂದಿಬಟ್ಟಲು ಹೂವಿನ ರಸ ಎರಡು ತೊಟ್ಟು ಹಿಂಡಿದಳು. ಮರುದಿನ ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಕಣ್ಣು ತೋರಿಸಿದರೆ, "ಮದ್ರಾಸ್ ಐ ಇರಬೇಕು" ಎಂದು ಸಣ್ಣ ಬಾಟಲಿಯೊಂದನ್ನು ಕೊಟ್ಟರು. ಹಾಕಿದ ಎರಡೇ ದಿನಕ್ಕೆ ಕೆಂಪು ಇಳಿಯಿತು. ಅಬ್ಬಾ, ಅಂದುಕೊಂಡೆ. ಐದನೇ ದಿನ ಮತ್ತೆ ಶುರುವಾಯಿತು ನೋಡಿ, ಬೆಳಕು ಕಂಡರೆ ಸೂಜಿ ಚುಚ್ಚಿದ ಹಾಗೆ. ಕಪ್ಪುಗುಡ್ಡೆ ಮೇಲೆ ಬಿಳಿ ಚುಕ್ಕೆ ಇದೆ ಎಂದು ಕಂಡುಹಿಡಿದವಳು ನನ್ನ ಹೆಂಡತಿ. "ರೀ, ಇದು ಮದ್ರಾಸ್ ಐ ಅಲ್ಲ, ನಡೀರಿ ಶಿವಮೊಗ್ಗಕ್ಕೆ" ಎಂದು ಬೆಳಗಿನ ಬಸ್ಸು ಹತ್ತಿಸಿದಳು.

ಕ್ಲಿನಿಕ್ಕಿನಲ್ಲಿ ಮೊದಲು ಒಬ್ಬ ಹುಡುಗಿ ಕನ್ನಡ ಅಕ್ಷರದ ಬೋರ್ಡು ಓದಿಸಿದಳು. ಬಲಗಣ್ಣಿಗೆ ಮೇಲಿನ ಒಂದೇ ಒಂದು ದಪ್ಪಕ್ಷರ ಕಂಡಿತು, 6/60 ಎಂದು ಚೀಟಿಯಲ್ಲಿ ಬರೆದಳು. ಅಂದರೆ ಸರಿಯಿದ್ದ ಕಣ್ಣಿಗೆ ಅರವತ್ತು ಮೀಟರಿನಿಂದ ಕಾಣುವುದು ನನಗೆ ಆರು ಮೀಟರಿನಿಂದ ಮಾತ್ರ. ಆಮೇಲೆ ಡಾಕ್ಟರಮ್ಮನ ಪ್ರಶ್ನೆಗಳು. ಸೋಗೆಯ ಚೂರು ಅಂದೆ. ಎಷ್ಟು ದಿನವಾಯಿತು, ಶುಗರ್ ಇದೆಯಾ, ಇಷ್ಟು ದಿನ ಏನೇನು ಹಾಕಿದಿರಿ? ನಂದಿಬಟ್ಟಲಿನ ವಿಷಯ ಹೇಳಲು ಸ್ವಲ್ಪ ನಾಚಿಕೆಯಾಯಿತು. ಬೈಯಲಿಲ್ಲ, ಬರೆದುಕೊಂಡರು. ಹೆಂಡತಿ ಚೀಲದಿಂದ ಆ ಬಾಟಲಿ ತೆಗೆದುಕೊಟ್ಟಾಗ ಮಾತ್ರ ಅವರ ಮುಖ ಬಿಗಿಯಿತು. ಅದರಲ್ಲಿ ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಇತ್ತಂತೆ. "ಕೆಂಪು ಇಳಿಸೋದು ಇದೇ. ಮೇಲೆ ಕೆಂಪು ಇಳೀತದೆ, ಒಳಗೆ ರೋಗ ಬೆಳೀತದೆ. ಇವತ್ತಿಂದ ಒಂದು ತೊಟ್ಟೂ ಹಾಕ್ಬೇಡಿ."

ಗದ್ದ ಇಟ್ಟು ಹಣೆ ಒತ್ತಿ ನೋಡುವ ಯಂತ್ರ, ಸ್ಲಿಟ್ ಲ್ಯಾಂಪು. ಕಿತ್ತಳೆ ಬಣ್ಣದ ಕಾಗದದ ಕಡ್ಡಿಯನ್ನು ಕಣ್ಣಂಚಿಗೆ ಮುಟ್ಟಿಸಿ ನೀಲಿ ಬೆಳಕು ಬಿಟ್ಟರು. ಗಾಯವಾದ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ. ಅದರ ಚಿತ್ರವನ್ನು ಟಿವಿಯಲ್ಲಿ ಹೆಂಡತಿಗೆ ತೋರಿಸಿದರು. ಹುಣ್ಣಿನ ಅಂಚು ಹತ್ತಿ ಬಿಚ್ಚಿದ ಹಾಗೆ ಎಳೆ ಎಳೆಯಾಗಿತ್ತು. "ಗಿಡ ಮರದ ಚೂರು ಬಿದ್ದಿದೆ, ಅಂಚು ಹೀಗಿದೆ, ನನಗೆ ಫಂಗಸ್ ಅನುಮಾನ. ಆದರೆ ಅನುಮಾನದ ಮೇಲೆ ಔಷಧಿ ಕೊಡಲ್ಲ, ಕೆರೆದು ನೋಡೋಣ."

ಕಣ್ಣು ಕೆರೆಯುವುದು ಎಂದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು. ಮರಗಟ್ಟುವ ಹನಿ ಹಾಕಿದ ಮೇಲೆ ಏನೋ ಮುಟ್ಟಿದ ಹಾಗಾಯಿತು, ಅಷ್ಟೇ. ಕೆರೆದದ್ದನ್ನು ಗಾಜಿನ ಪಟ್ಟಿಗೆ ಸವರಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ತೊಟ್ಟು ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ನನ್ನನ್ನೂ ಕರೆದು ಎಡಗಣ್ಣಲ್ಲಿ ನೋಡಿ ಅಂದರು. ಕವಲೊಡೆದ ತೆಳು ದಾರಗಳು. ಸೋಗೆಯ ಜೊತೆ ಬಂದ ಬೂಷ್ಟು ನನ್ನ ಕಾರ್ನಿಯಾದಲ್ಲಿ, ಅಂದರೆ ಕಪ್ಪುಗುಡ್ಡೆ ಮೇಲಿನ ಪಾರದರ್ಶಕ ಪದರದಲ್ಲಿ, ಬೇರು ಬಿಟ್ಟಿತ್ತು! ಮಳೆಗಾಲ ಬಂತೆಂದರೆ ಬೂಷ್ಟು ಹಿಡಿದಂತೆ ಅಡಿಕೆ ಕೊಳೆಸುವ ಕೊಳೆರೋಗಕ್ಕೆ ಹೆದರಿ ಮರಮರಕ್ಕೂ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸುವವನ ಕಣ್ಣಿನ ಕತೆ ಇದು. ವಾಪಸು ಬರುವಾಗ ಬಸ್ಸಿನಲ್ಲಿ, ಅಷ್ಟು ನೋವಿನಲ್ಲೂ, ನಗು ಬಂತು.

ಔಷಧಿ 5% ನಾಟಾಮೈಸಿನ್. ಬಾಟಲಿ ಚೆನ್ನಾಗಿ ಕುಲುಕಿಯೇ ಹಾಕಬೇಕು, ಇಲ್ಲದಿದ್ದರೆ ಮದ್ದೆಲ್ಲ ತಳದಲ್ಲೇ ಉಳಿಯುತ್ತದೆ. ಹಗಲು ಗಂಟೆಗೊಮ್ಮೆ, ಮೊದಲ ಮೂರು ದಿನ ರಾತ್ರಿಯೂ ಎರಡು ಗಂಟೆಗೊಮ್ಮೆ. ಹಾಕಿದಷ್ಟೂ ರೆಪ್ಪೆಯಂಚಿಗೆ ಸುಣ್ಣದಂಥ ಬಿಳಿ ಕರೆ ಕೂರುತ್ತದೆ. ನೋವಿಗೆ ಇನ್ನೊಂದು ಹನಿ, ಅದು ಪಾಪೆಯನ್ನು ಅಗಲ ಮಾಡುತ್ತದೆ, ಹತ್ತಿರದ್ದೆಲ್ಲ ಮಸುಕು. ಹೆಂಡತಿ ಮೊಬೈಲಿನಲ್ಲಿ ಅಲಾರಂ ಇಟ್ಟು ರಾತ್ರಿಯಿಡೀ ಎದ್ದಳು. ಈ ಕ್ಲಿನಿಕ್ಕಿಗೆ ನಾಲ್ಕು ಕೊಟ್ಟರೆ ಅವಳಿಗೆ ಎಷ್ಟು ಕೊಡಬೇಕೋ.

ಇನ್ನೊಂದು ಮೆಚ್ಚುಗೆಯಾದದ್ದು, ಸುಳ್ಳು ಧೈರ್ಯ ಹೇಳಲಿಲ್ಲ. "ಔಷಧಿಗೆ ಬಗ್ಗಿದರೆ ಸರಿ. ಬಗ್ಗದಿದ್ದರೆ ಕಾರ್ನಿಯಾ ಬದಲಿಸ್ಬೇಕಾಗಬಹುದು, ಅದು ನನ್ನ ಹತ್ರ ಆಗಲ್ಲ, ಬೆಂಗಳೂರಿಗೆ ಬರೆದುಕೊಡ್ತೀನಿ. ವಾಸಿಯಾದರೂ ಒಂದು ಕಲೆ ಉಳಿಯುತ್ತೆ" ಎಂದು ಮೊದಲ ದಿನವೇ ಹೇಳಿಬಿಟ್ಟರು. ಬಗ್ಗಿತು. ಆರು ವಾರ ಹಿಡಿಯಿತು, ಏಳು ಸಲ ಶಿವಮೊಗ್ಗಕ್ಕೆ ಹೋದೆ. ಈಗ 6/12 ಓದುತ್ತೇನೆ, ಕನ್ನಡಿಯಲ್ಲಿ ಹತ್ತಿರದಿಂದ ನೋಡಿದರೆ ಮೋಡದ ಚೂರಿನಂತೆ ಕಲೆ ಕಾಣುತ್ತದೆ. ರಾತ್ರಿ ಎದುರಿಂದ ಲಾರಿ ಬಂದರೆ ಬೆಳಕು ಚದುರುತ್ತದೆ, ಹಾಗಾಗಿ ಕತ್ತಲಾದ ಮೇಲೆ ಬೈಕು ಮಗನದು.

ಹೋಗುತ್ತಿದ್ದ ಹಾಗೆ ಮನೆಯವರದ್ದೂ ತೋರಿಸಿದೆವು. ಹೆಂಡತಿಗೆ ಚಾಳೀಸು. ಅಮ್ಮನಿಗೆ ಎರಡೂ ಕಣ್ಣಿಗೆ ಪೊರೆ. "ಹಣ್ಣಾಗ್ಲಿ, ಆಮೇಲೆ ತೆಗೆಸುವಾ" ಎಂದು ಅಮ್ಮ ಮುಂದೂಡುತ್ತಲೇ ಇದ್ದಳು. ಅವಳ ಲೆಕ್ಕ ಊರೂರಿಗೆ ಹೋಗಿ ಕಣ್ಣಿನ ಆಪರೇಷನ್ ಮಾಡುತ್ತಿದ್ದ ಡಾಕ್ಟರ್ ಎಂ. ಸಿ. ಮೋದಿಯವರ ಶಿಬಿರಗಳ ಕಾಲದ್ದು, ನನ್ನ ಅಜ್ಜಿ ಅಂಥ ಶಿಬಿರದಿಂದ ಸೋಡಾ ಬಾಟಲಿ ತಳದಂಥ ಕನ್ನಡಕ ಹಾಕಿಕೊಂಡು ಬಂದಿದ್ದಳಂತೆ. ಈಗ ಕಣ್ಣೊಳಗೇ ಲೆನ್ಸ್ ಕೂರಿಸುತ್ತಾರೆ, ಹಣ್ಣಾಗುವವರೆಗೆ ಕಾಯುವುದೂ ಬೇಡ, ದಿನದ ಕೆಲಸಕ್ಕೆ ತೊಂದರೆಯಾದಾಗ ತೆಗೆಸಿದರೆ ಆಯಿತು ಎಂದು ಡಾಕ್ಟರಮ್ಮ ಅಮ್ಮನ ಕೈ ಹಿಡಿದು ವಿವರಿಸಿದರು. ಹೋದ ತಿಂಗಳು ಬಲಗಣ್ಣು ಆಯಿತು. ಮನೆಗೆ ಬಂದವಳೇ ಅಡುಗೆಮನೆ ಗೋಡೆ ನೋಡಿ ಸೊಸೆಗೆ "ಇಷ್ಟು ಮಸಿ ಯಾವಾಗ ಹಿಡೀತೇ?" ಅಂದಳು. ಆ ಜಗಳ ಇನ್ನೂ ಮುಗಿದಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಕಾಯಿಸುವುದಕ್ಕೆ. ಒಂಬತ್ತಕ್ಕೆ ಟೋಕನ್, ಡಾಕ್ಟರಮ್ಮ ಬರುವುದು ಹತ್ತೂವರೆಗೆ. ಅರವತ್ತು ಕಿಲೋಮೀಟರಿನಿಂದ ಬಂದವರಿಗೂ ಪಕ್ಕದ ಬೀದಿಯವರಿಗೂ ಒಂದೇ ಸಾಲು. ಕೆಳಗಿನ ಕನ್ನಡಕದ ಅಂಗಡಿಯ ಹುಡುಗನೂ ಅಷ್ಟೇ, ಚಾಳೀಸಿನ ಕನ್ನಡಕಕ್ಕೆ ನೀಲಿ ಬೆಳಕು ತಡೆಯುವ ಗಾಜು ಬೇಕೇ ಬೇಕು ಎಂದು ಬೆನ್ನು ಹತ್ತಿದ. ಅಕ್ಕಿ ಆರಿಸುವವಳಿಗೆ ಅದೆಂಥಕ್ಕೆ? ಸಾದಾ ಗಾಜೇ ಮಾಡಿಸಿದೆವು. ಫೀಸು 400, ವಾರದೊಳಗೆ ಮತ್ತೆ ಹೋದರೆ ಕೇಳುವುದಿಲ್ಲ.

ಹೋಗುವವರು ಅಲ್ಲಿಯವರೆಗೆ ಹಾಕಿದ ಬಾಟಲಿಗಳನ್ನೆಲ್ಲ, ಖಾಲಿಯಾಗಿದ್ದರೂ, ಜೊತೆಗೆ ಒಯ್ಯಿರಿ. ತೋಟದವರಿಗೆ ಡಾಕ್ಟರಮ್ಮ ಹೇಳಿಕಳಿಸಿದ್ದು ಇನ್ನೊಂದಿದೆ: ಬೋರ್ಡೋ ಮಾಡುವಾಗ ಸುಣ್ಣ ಕಣ್ಣಿಗೆ ಸಿಡಿದರೆ ಮೊದಲೇ ಆಸ್ಪತ್ರೆಗೆ ಓಡಬೇಡಿ, ಇದ್ದ ಜಾಗದಲ್ಲೇ ರೆಪ್ಪೆ ಬಿಡಿಸಿ ಹಿಡಿದು ಕಾಲು ಗಂಟೆಯಾದರೂ ನೀರು ಬಿಟ್ಟು ತೊಳೆದು, ಆಮೇಲೆ ಹೊರಡಿ. ನಾನು ಬರುವಾಗ ಕೆಲಸದವರಿಗೆಲ್ಲ ಪ್ಲಾಸ್ಟಿಕ್ ಗಾಗಲ್ ತಂದೆ. ಬೆವರಿಗೆ ಮಂಜು ಕಟ್ಟುತ್ತದೆ ಎಂದು ಕೊನೆಗಾರ ಅದನ್ನು ಹಣೆ ಮೇಲೆ ಏರಿಸಿಕೊಂಡೇ ಮರ ಹತ್ತುತ್ತಾನೆ.