ದಾದರ್‌ನ ಒಂದು ‘ಬ್ರಾಂಚ್’ ಸಲಹಾ ಕೇಂದ್ರ: ಕೊಟ್ಟ ಹಣಕ್ಕೆ ಅರ್ಧ ನ್ಯಾಯ

ಮುಂಬಯಿಯ ದಾದರ್ ಪಶ್ಚಿಮದಲ್ಲಿ ಸೀರೆ ಅಂಗಡಿಗಳ ಮೇಲಿನ ಮಹಡಿಯಲ್ಲಿರುವ ಈ ಕೇಂದ್ರ, ಎಂಬಿಬಿಎಸ್ ಆದ ಮೇಲಿನ ಪಿಜಿಗೆ, ಅಂದರೆ ಸ್ನಾತಕೋತ್ತರ ಓದಿಗೆ, ಯಾವ ಬ್ರಾಂಚ್ (ವಿಭಾಗ) ಎಂದು ತೋಚದೆ ಕುಳಿತ ನನ್ನಂಥ ಇಂಟರ್ನ್‌ಗಳಿಗೆ ದಾರಿ ತೋರಿಸುತ್ತದಂತೆ. ಹೆಸರು ಬರೆಯುತ್ತಿಲ್ಲ, ಇಂಥವು ಬೇರೆಯೂ ಇವೆ, ನಾನು ವಿಚಾರಿಸಿದವೆಲ್ಲ ಒಂದೇ ಅಚ್ಚಿನವು. ಶುಲ್ಕ 6,500 ರೂಪಾಯಿ. ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ಅಭಿರುಚಿ ಪರೀಕ್ಷೆ, ಸಲಹೆಗಾರರ ಜೊತೆ ಒಂದು ಗಂಟೆ, ಕೊನೆಗೆ ನಾವು ಕೇಳಿದ ಬ್ರಾಂಚಿನ ರೆಸಿಡೆಂಟ್, ಅಂದರೆ ಅದರಲ್ಲೇ ಈಗ ಪಿಜಿ ಮಾಡುತ್ತಿರುವ ವೈದ್ಯರು, ಒಬ್ಬರ ಜೊತೆ ವಿಡಿಯೊ ಕರೆ.

ಪರೀಕ್ಷೆ ಶುದ್ಧ ದಂಡ. ನನ್ನ ವರದಿಯ ಮೊದಲ ಸಾಲಿನಲ್ಲೇ ‘ಕಾರ್ಡಿಯಾಲಜಿ’ ಎಂದಿತ್ತು. ನಮ್ಮಲ್ಲಿ ಅದಕ್ಕೆ ಮೊದಲು ಜನರಲ್ ಮೆಡಿಸಿನ್‌ನಂಥ ವಿಷಯದಲ್ಲಿ ಮೂರು ವರ್ಷದ ಎಂಡಿ, ಆಮೇಲೆ ನೀಟ್-ಎಸ್‌ಎಸ್ ಎಂಬ ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ, ಅದಾದ ಮೇಲೆ ಮೂರು ವರ್ಷದ ಡಿಎಂ ಪದವಿ. ಈಗ ಆರಿಸಬೇಕಾದ ಸೀಟು ಯಾವುದು ಎಂದು ಕೇಳಿದವಳಿಗೆ ಆರೇಳು ವರ್ಷದಾಚೆಯ ಬೋರ್ಡು ತೋರಿಸಿ ಏನು ಪ್ರಯೋಜನ?

ಸಲಹೆಗಾರರಿಗೆ ಲೆಕ್ಕ ಮಾತ್ರ ಚೆನ್ನಾಗಿ ಗೊತ್ತು. ಸರ್ಕಾರಿ ಕಾಲೇಜುಗಳ ಅರ್ಧ ಸೀಟು ಅಖಿಲ ಭಾರತ ಕೋಟಾದಲ್ಲಿ ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಮೂಲಕ, ಉಳಿದದ್ದು ರಾಜ್ಯದ ಪ್ರವೇಶ ನೋಡಿಕೊಳ್ಳುವ ಸಿಇಟಿ ಸೆಲ್ ಮೂಲಕ ಹೋಗುವುದನ್ನೂ ಎರಡು ಕಡೆಯ ಸೀಟು ಹಂಚಿಕೆಯ ಸುತ್ತುಗಳನ್ನು ಹೇಗೆ ಹೊಂದಿಸಿಕೊಳ್ಳಬೇಕೆಂಬುದನ್ನೂ ಬಿಡಿಸಿ ಹೇಳಿದರು. ರೇಡಿಯಾಲಜಿ, ಚರ್ಮರೋಗದ ಸೀಟುಗಳು ಮೊದಲ ಸುತ್ತಿನಲ್ಲೇ ಮುಗಿಯುವುದು, ಅನಾಟಮಿ, ಬಯೊಕೆಮಿಸ್ಟ್ರಿ ಉಳಿದುಹೋಗುವುದು, 2023ರಲ್ಲಿ ಖಾಲಿ ಸೀಟು ತುಂಬಲು ಪಿಜಿ ಪ್ರವೇಶ ಪರೀಕ್ಷೆಯ ಕಟ್-ಆಫ್ ಅನ್ನು ಶೂನ್ಯ ಪರ್ಸೆಂಟೈಲಿಗೇ ಇಳಿಸಿದ್ದು (ಅಂದರೆ ಬರೆದವರೆಲ್ಲ ಅರ್ಹರು) ಎಲ್ಲವೂ ಬಂತು. ಆದರೆ ಆ ಗಂಟೆಯುದ್ದಕ್ಕೂ ಎಪಿಎಂಸಿಯ ದರಪಟ್ಟಿ ಓದಿಸಿಕೊಂಡ ಹಾಗಿತ್ತು. ಯಾವ ವಾರ್ಡಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ, ಎಲ್ಲಿ ಗಡಿಯಾರ ನೋಡುತ್ತಿದ್ದೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದು ಮದುವೆಯ ವಿಚಾರ. ‘ಹೆಣ್ಣುಮಕ್ಕಳಿಗೆ ಕಣ್ಣು, ಚರ್ಮ ಅನುಕೂಲ’ ಎಂಬ ಸಲಹೆಯನ್ನು ಕಾರ್ಕಳದ ನನ್ನ ಸೋದರತ್ತೆ ಪುಕ್ಕಟೆಯಾಗಿ ಕೊಡುತ್ತಾರೆ, ಜೊತೆಗೆ ನೀರುದೋಸೆಯನ್ನೂ.

ಹಣ ವಸೂಲಾದದ್ದು ಕೊನೆಯ ಕರೆಯಲ್ಲಿ. ನಾನು ಅರಿವಳಿಕೆ ವಿಭಾಗ ಕೇಳಿದ್ದೆ. ಎರಡನೇ ವರ್ಷದ ರೆಸಿಡೆಂಟ್, ಡ್ಯೂಟಿ ಮುಗಿಸಿ ಬಂದು ಇನ್ನೂ ಊಟ ಮಾಡಿರದ ಹುಡುಗಿ. ಹಿಂದಿನ ಸಂಜೆಯೇ ವಾರ್ಡಿಗೆ ಹೋಗಿ ಮರುದಿನದ ರೋಗಿಗಳ ಬಾಯಿ ಎಷ್ಟು ತೆರೆಯುತ್ತದೆ, ಕತ್ತು ಎಷ್ಟು ಬಾಗುತ್ತದೆ, ಅಲುಗಾಡುವ ಹಲ್ಲಿದೆಯೇ ಎಂದು ನೋಡುವುದು; ಬೆಳಿಗ್ಗೆ ಸರ್ಜನ್ ಬರುವ ಮೊದಲೇ ಯಂತ್ರ, ಸಿಲಿಂಡರ್, ಸಕ್ಷನ್ ಪರೀಕ್ಷಿಸಿ, ಸಿರಿಂಜುಗಳಿಗೆ ಔಷಧ ತುಂಬಿ ಚೀಟಿ ಅಂಟಿಸುವುದು; ನಡುರಾತ್ರಿಯ ಸಿಸೇರಿಯನ್. ಯಾವುದಕ್ಕೂ ಬಣ್ಣ ಹಚ್ಚಲಿಲ್ಲ. ‘ಎಚ್ಚರವಾದ ರೋಗಿ ಕೈಮುಗಿಯುವುದು ಸರ್ಜನ್‌ಗೆ. ನಿಮ್ಮ ಮುಖವೂ ಅವರಿಗೆ ನೆನಪಿರುವುದಿಲ್ಲ. ನಡೆಯುತ್ತದಾ ನಿಮಗೆ?’ ಎಂದು ಕೇಳಿದಳು.

ನಾನು ತಡವರಿಸಿದೆ. ಮೆಡಿಸಿನ್ ಒಪಿಡಿಯಲ್ಲಿ ಅದೇ ಅಜ್ಜಿ ತಿಂಗಳು ಬಿಟ್ಟು ಬಂದು ‘ಶುಗರ್ ಕಮೀ ಝಾಲೀ, ಮ್ಯಾಡಮ್’ ಎಂದಾಗ ನನಗೆ ಆಗುವ ಖುಷಿ ಅಲ್ಲಿ ಸಿಗುವುದಿಲ್ಲ. ಮುಲುಂಡಿನ ಹೋಟೆಲಿನ ಗಲ್ಲಾದಲ್ಲಿ ಕೂರುವ ಅಪ್ಪನ ಚಿಂತೆ ಬೇರೆ: ಮುಂಬಯಿಯಲ್ಲಿ ಕ್ಲಿನಿಕ್ ಇಡಲು ಜಾಗಕ್ಕೆ ಎಲ್ಲಿಂದ ತರುವುದು? ಅರಿವಳಿಕೆಯವರಿಗೆ ಆ ಚಿಂತೆಯಿಲ್ಲ, ನರ್ಸಿಂಗ್ ಹೋಮ್‌ಗಳಿಂದ ಕರೆ ಬಂದಲ್ಲಿಗೆ ಹೋದರಾಯಿತು ಎಂದೆ. ‘ಸರ್ಜನ್‌ಗಳ ಫೋನಿಗೆ ಕಾಯಬೇಕು, ಘೋಡ್‌ಬಂದರ್ ರಸ್ತೆಯ ಟ್ರಾಫಿಕ್‌ನಲ್ಲೂ ಕಾಯಬೇಕು, ಅದನ್ನೂ ಅಪ್ಪನಿಗೆ ಹೇಳಿ’ ಎಂದು ನಕ್ಕಳು. ಪಟ್ಟಿಯಲ್ಲಿ ಈಗ ಎರಡೇ ಹೆಸರು ಉಳಿದಿವೆ, ಅರಿವಳಿಕೆ ಮತ್ತು ಮೆಡಿಸಿನ್. ಆ ಕರೆಗೆ ಮೊದಲು ಆರಿದ್ದವು.

ಐದಕ್ಕೆ ಎರಡು ನಕ್ಷತ್ರ, ಎರಡೂ ಆ ರೆಸಿಡೆಂಟ್‌ಗೆ. ಬರೀ ಕರೆಯನ್ನಷ್ಟೇ ಕೊಡುತ್ತೀರಾ ಎಂದು ವಿಚಾರಿಸಿದೆ, ಪ್ಯಾಕೇಜ್ ಒಡೆಯುವುದಿಲ್ಲವಂತೆ. ಹಾಗಿದ್ದರೆ ನಿಮ್ಮದೇ ಹಾಸ್ಟೆಲಿನ ರೆಸಿಡೆಂಟ್ ಒಬ್ಬರನ್ನು ರಜೆಯ ದಿನ ಮಾಟುಂಗದ ರಾಮ ನಾಯಕರ ಉಡುಪಿ ಬೋರ್ಡಿಂಗಿಗೆ ಕರೆದೊಯ್ದು ಬಾಳೆಲೆ ಊಟ ಹಾಕಿಸಿ. ಪ್ರಶ್ನೆಗಳನ್ನು ಪಾಯಸ ಬಂದ ಮೇಲೆ ಕೇಳಿ. ಅದಕ್ಕೂ ಮೊದಲು ಅವರು ಮಾತಾಡುವುದಿಲ್ಲ.