ಎಸಿಯೊಳಗೆ ಫಿನಾಯಿಲ್ ಸಿಂಪಡಿಸಲು ಯಾರಿಗೂ ಬಿಡಬೇಡಿ

ಬೆಕ್ಕು ಸಾಕಿರುವ ಮನೆಯವರೆಲ್ಲರೂ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಾವು ಮಾಡಿದ ತಪ್ಪಿಗೆ ನಮ್ಮ ಬೆಕ್ಕು ಮೂರು ದಿನ ಡ್ರಿಪ್‌ನಲ್ಲಿ ನರಳಿತು.

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಲಗುವ ಕೋಣೆಯ ಎಸಿಯನ್ನು ಬಳಸಿರಲಿಲ್ಲ. ನವರಾತ್ರಿ ಕಳೆದು ಸೆಕೆ ಮರಳಿದಾಗ ಹಾಕಿದರೆ, ಬೆಕ್ಕಿನ ಮೂತ್ರದ ನಾತವೂ ಮುಗ್ಗಲು ವಾಸನೆಯೂ ಸೇರಿ ಕೋಣೆಯಲ್ಲಿ ನಿಲ್ಲಲಾಗಲಿಲ್ಲ. ಸರ್ವಿಸಿಗೆ ಬಂದವರು ಫಿಲ್ಟರನ್ನು ಕೊಡವಿ, ನೀರಿಗೆ ಫಿನಾಯಿಲ್ ಬೆರೆಸಿ, ಒಳಗೆ ಗಾಳಿಯನ್ನು ತಂಪು ಮಾಡುವ ಕಾಯಿಲ್ ಮೇಲೆ ಚೆನ್ನಾಗಿ ಸಿಂಪಡಿಸಿ, ಇನ್ನು ವಾಸನೆ ಬಾರದೆಂದು ಹೇಳಿ ಹಣ ಪಡೆದು ಹೋದರು. ಎಸಿಯಿಂದ ನೆಲಕ್ಕೆ ತೊಟ್ಟಿಕ್ಕಿದ ನೀರನ್ನು ತುಳಿದ ಬೆಕ್ಕು ತನ್ನ ಪಾದಗಳನ್ನು ನೆಕ್ಕಿಕೊಂಡಿತ್ತು. ಸಂಜೆಯ ಹೊತ್ತಿಗೆ ಅದರ ಬಾಯಿಯಿಂದ ಜೊಲ್ಲು ಸುರಿಯತೊಡಗಿತು, ಹಿಂಗಾಲುಗಳು ತೂರಾಡಿದವು.

ಫಿನಾಯಿಲಿನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಮನುಷ್ಯರ ಯಕೃತ್ತು ಮಾರ್ಪಡಿಸಿ ಹೊರಹಾಕುವಂತೆ ಬೆಕ್ಕಿನ ಯಕೃತ್ತು ಹೊರಹಾಕಲಾರದು ಎಂದು ಪಶುವೈದ್ಯರು ತಿಳಿಸಿದರು. ಪೈನ್ ಎಣ್ಣೆಯ ಬಿಳಿ ಫಿನಾಯಿಲ್, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಕೂಡ ಅದಕ್ಕೆ ವಿಷವೇ ಆದ್ದರಿಂದ, ಸುವಾಸನೆಗೆಂದು ಎಸಿಯ ಮುಂದೆ ಇಂಥವನ್ನು ಇಡುವುದೂ ಅಪಾಯಕಾರಿ.

ವಾಸನೆಯ ಮೂಲ ನಮಗೆ ತಿಳಿದದ್ದು ಇಷ್ಟೆಲ್ಲ ಆದ ಮೇಲೆ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ಮತ್ತೆ ಬಿಡುತ್ತದೆ. ಫಿಲ್ಟರಿನಿಂದ ನುಸುಳಿದ ರೋಮ ಮತ್ತು ಚರ್ಮದ ಹೊಟ್ಟು ಒದ್ದೆ ಕಾಯಿಲಿಗೂ ಗಾಳಿ ತಳ್ಳುವ ಬ್ಲೋವರಿಗೂ ಅಂಟಿಕೊಂಡರೆ, ಒಣಗಿಸದೆ ನಿಲ್ಲಿಸಿದ ಎಸಿಯಲ್ಲಿ ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯದೆ ಇರುತ್ತದೆಯೇ? ಮೂತ್ರದ ನಾತವಂತೂ ಎಸಿಯದಾಗಿರಲೇ ಇಲ್ಲ. ಹಾಸಿಗೆಯ ಗೋಡೆ ಬದಿಯ ಮೂಲೆಯಲ್ಲಿ ಬೆಕ್ಕು ಉಚ್ಚೆ ಹೊಯ್ದಿತ್ತು, ಎಸಿ ಅದನ್ನು ಕೋಣೆಯೆಲ್ಲ ಹರಡುತ್ತಿತ್ತು. ಬೆಕ್ಕಿನ ಮೂತ್ರದ ಯೂರಿಕ್ ಆಮ್ಲದ ಹರಳುಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಒಣಗಿ ಸುಮ್ಮನಿದ್ದು, ಗಾಳಿಯಲ್ಲಿ ತೇವ ಏರಿದಾಗ ಮತ್ತೆ ನಾರುತ್ತವೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎಂಜೈಮ್ ದ್ರಾವಣದಿಂದ ಹಾಸಿಗೆಯನ್ನು ನೆನೆಸಿ ಒಣಗಿಸಿದ ಮೇಲೆಯೇ ಆ ನಾತ ಹೋಯಿತು. ಇಂಥ ಕಲೆಯ ಮೇಲೆ ಬ್ಲೀಚ್ ಸುರಿಯಬಾರದು: ಅದು ಮೂತ್ರದ ಅಮೋನಿಯಾದೊಂದಿಗೆ ಸೇರಿದರೆ ವಿಷಾನಿಲ ಹುಟ್ಟುತ್ತದೆ. ಅಲ್ಲದೆ, ಬೆಕ್ಕು ಇದ್ದಕ್ಕಿದ್ದಂತೆ ಮಲಮೂತ್ರಕ್ಕೆಂದು ಮಣ್ಣು ತುಂಬಿಟ್ಟ ತನ್ನ ತಟ್ಟೆ ಬಿಟ್ಟು ಬೇರೆಡೆ ಉಚ್ಚೆ ಹೊಯ್ದರೆ ಅದು ಮೂತ್ರಕೋಶದ ಕಾಯಿಲೆಯ ಲಕ್ಷಣವೂ ಇರಬಹುದು.

ಆಮೇಲೆ ಬೇರೊಬ್ಬರನ್ನು ಕರೆಸಿ ಬ್ಲೋವರನ್ನು ಬಿಚ್ಚಿಸಿ, ಕಾಯಿಲ್, ಟ್ರೇ, ಡ್ರೈನ್ ಪೈಪುಗಳನ್ನು ಪಂಪಿನ ನೀರಿನಿಂದ ತೊಳೆಸಿದೆವು. ಕಪ್ಪು ನೀರು ಬಕೆಟ್ಟುಗಟ್ಟಲೆ ಇಳಿಯಿತು. ಈಗ 15 ದಿನಕ್ಕೊಮ್ಮೆ ಫಿಲ್ಟರನ್ನು ನಾವೇ ತೊಳೆಯುತ್ತೇವೆ, ನಿಲ್ಲಿಸುವ ಮೊದಲು ಅರ್ಧ ಗಂಟೆ ಫ್ಯಾನ್ ಮೋಡಿನಲ್ಲಿ ಓಡಿಸಿ ಒಳಗನ್ನು ಒಣಗಿಸುತ್ತೇವೆ.

ಈಗಾಗಲೇ ಯಾರಾದರೂ ನಿಮ್ಮ ಮನೆಯ ಎಸಿಗೆ ಫಿನಾಯಿಲ್ ಸಿಂಪಡಿಸಿದ್ದರೆ, ಬೆಕ್ಕನ್ನು ಆ ಕೋಣೆಯಿಂದ ದೂರವಿಡಿ. ಅದರ ಪಾದಕ್ಕೋ ಮೈಗೋ ತಾಗಿದ್ದರೆ ಸಾಕಷ್ಟು ನೀರಿನಲ್ಲಿ ತೊಳೆಯಿರಿ, ವಾಂತಿ ಮಾಡಿಸಲು ಹೋಗದೆ ಕೂಡಲೇ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ. ಫಿನಾಯಿಲ್ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ನಮ್ಮ ವೈದ್ಯರು ಮೊದಲು ಕೇಳಿದ್ದು ಅದನ್ನೇ, ಮತ್ತು ನಮ್ಮ ಬಳಿ ಅದು ಇರಲಿಲ್ಲ.